ಜಿಂಕೆಗೆ ಬಿತ್ತಿದ ಮೂಲಂಗಿ

ಜಿಂಕೆ ಎಲೆ ತಿನ್ನುತ್ತದೆ. ಗಡ್ಡೆ ಕಿತ್ತು, ಮಣ್ಣು ಕೊಡವಿ, ಎತ್ತಿಕೊಂಡು ಹೋಗುವುದಿಲ್ಲ. ಇಷ್ಟು ತಿಳಿಯಲು ನಮಗೆ ಒಂದು ಇಡೀ ಬೇಟೆಯ ಹಂಗಾಮು ಬೇಕಾಯಿತು. ತಿಳಿಯುವ ಹೊತ್ತಿಗೆ ಒಬ್ಬ ಮನುಷ್ಯನಿಗೂ ಬಂದೂಕಿನ ಒಂದು ಗುಂಡಿಗೂ ನಡುವೆ ಒಂದು ಉಸಿರು ಮಾತ್ರ ಉಳಿದಿತ್ತು.

ಕಡಲಾಚೆಯ ಲಿನ್‌ವುಡ್ ಊರಿನಲ್ಲಿ ಉಗುರಿಗೆ ಬಣ್ಣ ಹಚ್ಚುವ ಅಂಗಡಿಗೂ ಹಲ್ಲಿನ ಡಾಕ್ಟರಿಗೂ ನಡುವೆ ಸಿಕ್ಕಿಕೊಂಡಿದ್ದ ನಮ್ಮ ಪುಟ್ಟ ಕಂಪನಿ ಬೇಟೆಗಾರರಿಗೆ ಫೋನಿನ ಆ್ಯಪ್ ಮಾಡುತ್ತಿತ್ತು. ಆ ವರ್ಷದ ಕೆಲಸ ಮೇವಿನ ತಾಕು. ಜಿಂಕೆಗೆಂದೇ ಒಂದು ತುಂಡು ನೆಲ ಹದ ಮಾಡಿ, ಅದಕ್ಕೆ ಇಷ್ಟವಾದದ್ದನ್ನು ಬಿತ್ತಿ, ತಿನ್ನಲು ಬಂದಾಗ ಹೊಡೆಯುವುದು ಹೇಗೆ ಎಂಬ ಪಾಠಗಳು. ಬಿತ್ತನೆಯಿಂದ ಗುಂಡಿನವರೆಗೆ ಒಂದೇ ತಾಕಿನ ಕಥೆ, ನಿಜವಾದ ಸದ್ದಿನ ಸಮೇತ. ಸದ್ದು ನನ್ನ ಪಾಲು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ನನ್ನ ಡಿಗ್ರಿ ನೋಡಿ ಅಲ್ಲ. ಇಂಟರ್‌ವ್ಯೂನಲ್ಲಿ ನಾನು ಮರಿ ಜಿಂಕೆಯ ಹಾಗೆ ಕೂಗಿದೆ. ಈ ಸಂಗತಿ ಹಾಸನದಲ್ಲಿರುವ ನಮ್ಮಪ್ಪನಿಗೆ ಇನ್ನೂ ಗೊತ್ತಿಲ್ಲ.

ಮೈಸೂರಿನವರಾದ ನಮ್ಮ ಮ್ಯಾನೇಜರನ್ನು ನಾವೆಲ್ಲ ಭಾಯ್ ಅನ್ನುತ್ತಿದ್ದೆವು. ಬೇಟೆಯ ಕ್ಲಾಸು ಮುಗಿಸಿ ಪರವಾನಗಿ ಪಡೆದಿದ್ದವರು ನಮ್ಮಲ್ಲಿ ಅವರೊಬ್ಬರೇ. ತಾನೇ ದೇವರ ಹೆಸರು ಹೇಳಿ ಹೊಡೆದು, ತಾನೇ ಕೊಯ್ದ ಮಾಂಸವನ್ನು ಮನೆಗೆ ಒಯ್ಯಬೇಕೆಂಬುದು ಅವರ ಬಹುದಿನದ ಆಸೆ. ಮಾತಾಡುವಾಗ ಪ್ರತಿ ವಾಕ್ಯದ ಕೊನೆಗೆ ಕನ್ನಡಕ ಸರಿ ಮಾಡಿಕೊಳ್ಳುತ್ತಾರೆ; ಅವರನ್ನು ಅನುಕರಿಸಲು ನನಗೆ ಕನ್ನಡಕವೂ ಬೇಡ, ಒಂದು ಬೆರಳು ಸಾಕು.

ಇನ್ನೊಬ್ಬ ಟೆಸ್ಟರ್, ಆ್ಯಪಿನ ತಪ್ಪು ಹುಡುಕುವವನು. ಬೆಂಗಳೂರಿನವನು, ಶೋರ್‌ಲೈನ್‌ನಲ್ಲಿ ಮನೆ, ಮೊಟ್ಟೆಯನ್ನೂ ಮುಟ್ಟದವನು. ಇಂಥವನು ಬೇಟೆಯ ಕಂಪನಿಯಲ್ಲಿ ಯಾಕಿದ್ದ ಎಂದು ಕೇಳಿದರೆ ಒಂದೇ ಪದದ ಉತ್ತರ: ವೀಸಾ. ಆ್ಯಪ್ ಕೈಕೊಟ್ಟಾಗಲೆಲ್ಲ ಎಡಗೈಯ ನಾಲ್ಕು ಬೆರಳುಗಳ ನೆಟಿಗೆಯನ್ನು ಸಾಲಾಗಿ ಮುರಿಯುತ್ತಿದ್ದ. ಟಕ್ ಟಕ್ ಟಕ್ ಟಕ್. ಆಮೇಲೆ ಸ್ವಲ್ಪ ತಡೆದು, ಏನೋ ಯೋಚಿಸಿ ಸಹಿ ಹಾಕುವವನ ಹಾಗೆ, ಹೆಬ್ಬೆರಳು. ಅದರ ಸದ್ದು ಬೇರೆ, ಮಂದ. ನಾನದನ್ನು ನಾಲಿಗೆಯಲ್ಲಿ ಮಾಡಿ ತೋರಿಸಿದಾಗ ಆಫೀಸೇ ಅವನ ಕಡೆ ತಿರುಗುತ್ತಿತ್ತು.

"ಸಾಕು ಬಿಡೋ ಮಗಾ, ನಾನೇ ಇಲ್ಲಿರೋವಾಗ ಜೆರಾಕ್ಸ್ ಯಾಕೆ?" ಅನ್ನುತ್ತಿದ್ದ.

ಜಮೀನು ಮನ್ರೋ ಊರು ದಾಟಿದ ಮೇಲೆ, ಬೆಟ್ಟದ ಬುಡದಲ್ಲಿ. ಒಡತಿ ವಯಸ್ಸಾದ ಬಿಳಿಯ ಹೆಂಗಸು. ಚಿಕ್ಕವರಾಗಿದ್ದಾಗಿನಿಂದ ಅದೇ ಕಾಡಿನಲ್ಲಿ ಬೇಟೆಯಾಡಿದವರು, ಈಗ ನಮಗೆ ಗುರು. ಅವರು ಆಡುತ್ತಿದ್ದದ್ದು ಇಂಗ್ಲಿಷೇ. ಆದರೆ ನನ್ನ ಕಿವಿಗೆ ಮೊದಲ ದಿನದಿಂದಲೂ ಅವರು ಹಾಸನದ ಕಡೆಯ ನಮ್ಮ ಸೋದರತ್ತೆಯ ಹಾಗೇ ಕೇಳಿಸಿದರು. ಆದ್ದರಿಂದ ಇಲ್ಲಿ ಹಾಗೇ ಬರೆಯುತ್ತೇನೆ, ಅತ್ತೆ ಎಂದೇ ಕರೆಯುತ್ತೇನೆ. ಇಬ್ಬರಿಗೂ ಗೊತ್ತಾಗದಿದ್ದರೆ ಒಳ್ಳೆಯದು.

ಬೇಸಿಗೆಯ ಕೊನೆಗೆ ಬಿತ್ತನೆ. ಮಣ್ಣು ಪರೀಕ್ಷೆ ಮಾಡಿಸಿದಾಗ ಹುಳಿ ಹೆಚ್ಚು ಎಂದು ಬಂದಿತ್ತು. ಫರ್ ಮರಗಳ ಕೆಳಗಿನ ಮಣ್ಣು ಹಾಗೇ. ಸುಣ್ಣ ಹರಡಿ, ಕುಂಟೆ ಹೊಡೆದು, ಶರತ್ಕಾಲದ ಮೊದಲ ಮಳೆಗೆ ಸ್ವಲ್ಪ ಮುಂಚೆ ಬೀಜ ಚೆಲ್ಲಿದೆವು. ಕ್ಲೋವರ್ ಸೊಪ್ಪು, ಓಟ್ಸ್, ಟರ್ನಿಪ್, ಜೊತೆಗೆ ಉದ್ದನೆಯ ಬಿಳಿ ಮೂಲಂಗಿ. ಮೂಲಂಗಿ ಬೀಜದ ಚೀಲ ಬಿಚ್ಚಿದಾಗ ನಾವು ಮೂವರೂ ಒಂದೇ ಸಲ ಬಗ್ಗಿದೆವು. ಭಾಯ್‌ಗೆ ಪರಾಠ ನೆನಪಾಯಿತು, ನನಗೆ ಉಪ್ಪಿನಕಾಯಿ, ಟೆಸ್ಟರ್‌ಗೆ ಹುಳಿ.

"ಅಂಗಡೀಲಿ ಸೊಪ್ಪು ಕತ್ತರಿಸಿ ಬರೀ ಗಡ್ಡೆ ಕೊಡ್ತಾರೆ," ಎಂದ ಟೆಸ್ಟರ್. "ಸೊಪ್ಪಿನ ಸಮೇತ ಮೂಲಂಗಿ ನೋಡಿ ಎಷ್ಟು ದಿನ ಆಯ್ತು. ಬೆಳೆದ ಮೇಲೆ ಎರಡು ಕೇಳೋಣ್ವಾ?"

ಕೇಳಿದೆವು. ಅತ್ತೆ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು.

"ಒಂದೆಲೆನೂ ಇಲ್ಲ. ಬಿತ್ತಿದ್ ಮ್ಯಾಕೆ ಅದು ನಿಮ್ದಲ್ಲ, ನನ್ದೂ ಅಲ್ಲ. ಅಲ್ಲಿ ಕಾಲಿಟ್ರೆ ನಿಮ್ ವಾಸ್ನೆ ಕೂತ್ಕೋತದೆ. ಒಂದ್ಸಲ ಕೂತ್ರೆ ಗಂಡು ಜಿಂಕೆ ಹಗಲೊತ್ತು ಮುಖ ತೋರ್ಸಾಕಿಲ್ಲ."

ತಾಕಿನ ಆಕಾರವೂ ಅವರದ್ದೇ ಲೆಕ್ಕ. ಅಗಲವಾಗಿ ಬಿಟ್ಟರೆ ಜಿಂಕೆ ನಡುವೆ ನಿಂತು ನಾಲ್ಕೂ ಕಡೆ ನೋಡುತ್ತದೆ. ಆದ್ದರಿಂದ ಉದ್ದಕ್ಕೆ, ಮಧ್ಯದಲ್ಲಿ ಸೊಂಟದ ಹಾಗೆ ಕಿರಿದು. ಒಂದು ತುದಿಯಲ್ಲಿ ಮರದ ಅಟ್ಟಣೆ. ಎದುರು ತುದಿಯಲ್ಲಿ ಗುಡ್ಡ ಕಡಿದು ನಿಂತ ಮಣ್ಣಿನ ದಿಬ್ಬ, ಅದರ ಬುಡದಲ್ಲಿ ಜರೀಗಿಡ ಮತ್ತು ಬ್ಲ್ಯಾಕ್‌ಬೆರಿ ಮುಳ್ಳು. ದಿಬ್ಬದ ಎರಡು ಕೊನೆಗೆ ಅವರು ಗೂಟ ಹೊಡೆದು ಕಿತ್ತಳೆ ಪಟ್ಟಿ ಕಟ್ಟಿದರು.

"ಈ ಎರಡು ಗೂಟದ ನಡುವೆ ನಿಂತ ಜಿಂಕೆ ಮಾತ್ರ," ಎಂದರು ಭಾಯ್‌ಗೆ. "ಯಾಕೆ ಹೇಳು?"

"ಹಿಂದೆ ಮಣ್ಣಿದೆ. ಗುಂಡು ಜಿಂಕೆ ದಾಟಿದ್ರೂ ಮಣ್ಣಲ್ಲೇ ನಿಲ್ಲುತ್ತೆ."

"ಗೂಟದ ಆಚೆ?"

"ಆಚೆ ಏನಿದೆ ಅಂತ ಗೊತ್ತಿಲ್ಲ. ಗೊತ್ತಿಲ್ದೆ ಇರೋ ಕಡೆ ಹೊಡೆಯಂಗಿಲ್ಲ."

ಆ ಉತ್ತರವನ್ನು ಆ್ಯಪಿನ ಮೊದಲ ಪಾಠವಾಗಿ ರೆಕಾರ್ಡ್ ಮಾಡಿದೆವು. ಅದು ಈಗಲೂ ಇದೆ. ಅದರಲ್ಲಿ ಒಂದು ಪದವೂ ತಪ್ಪಿಲ್ಲ. ನಾನು ಅದನ್ನು ಕೇಳಿಸಿಕೊಳ್ಳಲಾರದ್ದಕ್ಕೆ ಕಾರಣ ಅದೇ.

ಮೊಳಕೆ ಬಂದ ಮೇಲೆ ಅತ್ತೆ ತಾಕಿನ ಅಲ್ಲಲ್ಲಿ ತಂತಿಬಲೆಯನ್ನು ದುಂಡಗೆ ಸುತ್ತಿ ಪಂಜರ ನೆಟ್ಟರು. ಒಳಗಿನ ಗಿಡಕ್ಕೆ ಜಿಂಕೆಯ ಬಾಯಿ ತಾಗದು. ಒಳಗಿನದಕ್ಕೂ ಹೊರಗಿನದಕ್ಕೂ ಎತ್ತರದ ವ್ಯತ್ಯಾಸ ನೋಡಿದರೆ ಜಿಂಕೆ ಎಷ್ಟು ತಿಂದಿದೆ ಎಂದು ತಿಳಿಯುತ್ತದೆ. ಮರಗಳಿಗೆ ತಾನಾಗಿ ಫೋಟೋ ತೆಗೆಯುವ ಕ್ಯಾಮೆರಾ ಕಟ್ಟಿದೆವು. ಅವುಗಳ ಮೆಮೊರಿ ಕಾರ್ಡು ಬದಲಿಸಲು ಅತ್ತೆ ಮಾತ್ರ ಹೋಗುತ್ತಿದ್ದರು, ಮಳೆ ಬರುವಾಗ, ವಾಸನೆ ತೊಳೆದು ಹೋಗಲೆಂದು. ಫೋಟೋ ನೋಡಿ ಗುರುತು ಹಾಕುವುದು ಟೆಸ್ಟರ್‌ನ ಕೆಲಸ. ಅವನು ಹಳೆಯ ಕೊಟ್ಟಿಗೆಯಲ್ಲಿ ಹೀಟರ್ ಹಚ್ಚಿ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದ. ಮಧ್ಯಾಹ್ನ ನಾವು ಅತ್ತೆಯ ಅಡುಗೆಮನೆಯಲ್ಲಿ ಊಟ ಮಾಡಿದರೆ, ಮಾಂಸದ ವಾಸನೆ ಆಗದೆಂದು ಅವನು ಡಬ್ಬಿ ತಂದು ಕೊಟ್ಟಿಗೆಯಲ್ಲೇ ತಿನ್ನುತ್ತಿದ್ದ. ಕೆಸರಿಗೆಂದು ಅತ್ತೆ ನಮಗೆಲ್ಲ ಒಂದೇ ಅಂಗಡಿಯ ಒಂದೇ ನಮೂನೆಯ ರಬ್ಬರ್ ಬೂಟು ಕೊಡಿಸಿದ್ದರು. ಅದರಲ್ಲಿ ನಾವು ಮೂವರೂ ಬಾತುಕೋಳಿಗಳ ಹಾಗೆ ನಡೆಯುತ್ತಿದ್ದೆವು, ನಾನು ಸ್ವಲ್ಪ ಹೆಚ್ಚೇ.

ಮೊದಲು ಎಲ್ಲ ಚೆನ್ನಾಗಿತ್ತು. ಫೋಟೋಗಳಲ್ಲಿ ಹೆಣ್ಣು ಜಿಂಕೆಗಳು ಬಂದವು, ಬಾಲದ ತುದಿ ಕಪ್ಪು. ಅವುಗಳ ಹಿಂದೆ, ಇನ್ನೂ ಬೆಳಕಿರುವಾಗಲೇ, ಒಂದು ದೊಡ್ಡ ಕೊಂಬಿನದು. ಭಾಯ್ ಫೋನಿನಲ್ಲಿ ಅದನ್ನೇ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದರು.

ನಂತರ ಅವು ಬೆಳಕಿನಲ್ಲಿ ಬರುವುದನ್ನು ನಿಲ್ಲಿಸಿದವು.

ಕತ್ತಲಾದ ಮೇಲಿನ ಫೋಟೋಗಳಲ್ಲಿ ಮಾತ್ರ ಕಣ್ಣುಗಳು ಹೊಳೆಯುತ್ತಿದ್ದವು. ಅಟ್ಟಣೆಯಲ್ಲಿ ಸಂಜೆಯಿಡೀ ಕೂತರೆ ಕಾಡಿನಂಚಿನಲ್ಲಿ ಮೂಗಿನಿಂದ ಒಮ್ಮೆ ಜೋರಾಗಿ ಊದುವ ಸದ್ದು, ಓಟ, ಆಮೇಲೆ ಏನೂ ಇಲ್ಲ. ಜಿಂಕೆ ಹಾಗೆ ಊದಿದರೆ ಅಪಾಯ ಎಂದರ್ಥ. ಅಪಾಯ ನಾವೇ ಎಂದುಕೊಂಡೆವು. ಪೌಡರ್ ಬಾಟಲಿ ಒತ್ತಿ ಗಾಳಿಯ ದಿಕ್ಕು ನೋಡಿದೆವು. ಅಟ್ಟಣೆಗೆ ಹೋಗುವ ದಾರಿ ಬದಲಿಸಿ ತೊರೆಯ ನೀರಿನಲ್ಲೇ ನಡೆದೆವು. ಬೆಳಗ್ಗೆ ಕೂರುವುದನ್ನು ಬಿಟ್ಟೆವು, ಏಕೆಂದರೆ ನಸುಕಿನಲ್ಲಿ ಜಿಂಕೆ ತಾಕಿನೊಳಗೇ ಇರುತ್ತದೆ, ನಾವು ಹೋಗಿ ಎಬ್ಬಿಸಿದಂತಾಗುತ್ತದೆ. ಸಂಜೆ ಇಳಿದು ಬರುವಾಗ ಅತ್ತೆ ಟ್ರಾಕ್ಟರ್ ಓಡಿಸಿಕೊಂಡು ಬಂದು ಜಿಂಕೆಗಳನ್ನು ಚದುರಿಸಿದ ಮೇಲೆಯೇ ಏಣಿ ಇಳಿದೆವು. ಅವು ಹೆದರಿದರೆ ಟ್ರಾಕ್ಟರಿಗೆ ಹೆದರಲಿ, ಅಟ್ಟಣೆಗೆ ಬೇಡ. ವಾಸನೆಯಿಲ್ಲದ ಸೋಪಿನಲ್ಲಿ ಮಿಂದೆವು. ಭಾಯ್ ಅತ್ತರು ಬಿಟ್ಟರು. ಅವರ ಮಟ್ಟಿಗೆ ಅದು ಉಪವಾಸಕ್ಕಿಂತ ದೊಡ್ಡದು.

ಏನೂ ಬದಲಾಗಲಿಲ್ಲ. ಒಂದು ದಿನ ಮಳೆಯಲ್ಲಿ ಕಾರ್ಡು ಬದಲಿಸಲು ಹೋದ ಅತ್ತೆ ಬೇಗ ಹಿಂದಿರುಗಿ, ನಮ್ಮನ್ನೂ ಕರೆದುಕೊಂಡು ಹೋದರು. ಪಂಜರ ನೆಟ್ಟಲ್ಲೇ ನಿಂತಿತ್ತು, ಅದರ ಗೂಟ ಅಲ್ಲಾಡಿರಲಿಲ್ಲ. ಒಳಗಿನ ಮೂಲಂಗಿ ಇರಲಿಲ್ಲ. ನೆಲದಲ್ಲಿ ದುಂಡನೆಯ ತೂತುಗಳು, ಒಳಗೆ ನೀರು.

ಪಕ್ಕದ ಪಂಜರ ನೋಡಿದೆವು. ಅದೂ ಖಾಲಿ. ಹೊರಗೆ ಜಿಂಕೆ ಕಚ್ಚಿದ ಗಿಡಗಳು ಮೋಟು ಎಲೆಗಳೊಂದಿಗೆ ಹಾಗೇ ಇದ್ದವು. ಬಾಯಿ ತಾಗದಿರಲಿ ಎಂದು ಮುಚ್ಚಿಟ್ಟದ್ದನ್ನು ಮಾತ್ರ ಯಾರೋ ಆರಿಸಿಕೊಂಡಿದ್ದರು.

"ನಮ್ ಊರಲ್ಲಾಗಿದ್ರೆ ನಿಂಬೆಹಣ್ಣು ಕಟ್ತಿದ್ರು," ಎಂದೆ. ಯಾರೂ ನಗಲಿಲ್ಲ. ನಾನೂ ನಗಲಿಲ್ಲ.

ಅತ್ತೆ ಬಗ್ಗಿ ಕೆಸರು ನೋಡಿದರು. ಬೂಟಿನ ಗುರುತು ಬೇಕಾದಷ್ಟಿದ್ದವು, ಎಲ್ಲವೂ ನಮ್ಮವೇ ನಮೂನೆಯವು. ಆಗಷ್ಟೇ ನಾವೂ ಓಡಾಡಿದ್ದೆವು. "ರಕೂನ್ ಇರಬೌದು, ಅದ್ಕೆ ಕೈ ಇರ್ತವೆ," ಎಂದರು. ಆಮೇಲೆ ತೂತುಗಳನ್ನು ಮತ್ತೆ ನೋಡಿ, "ರಕೂನ್ ಮತ್ತೆ ಪಂಜರ ಮುಚ್ಚಾಕಿಲ್ಲ," ಎಂದು ತಮಗೇ ಹೇಳಿಕೊಂಡರು.

ಫೋಟೋಗಳಲ್ಲಿ ಏನೂ ಇಲ್ಲ ಎಂದ ಟೆಸ್ಟರ್. ಕ್ಯಾಮೆರಾಗಳು ನೋಡುತ್ತಿದ್ದದ್ದು ಜಿಂಕೆ ಬರುವ ದಾರಿಯನ್ನು. ಆ ಪಂಜರಗಳಿದ್ದ ದಿಬ್ಬದ ಬುಡ ಯಾವುದರ ಕಣ್ಣಿಗೂ ಬೀಳುತ್ತಿರಲಿಲ್ಲ.

ಕಣ್ಣಿಗೆ ಬೀಳದ್ದು ಕಿವಿಗೆ ಬೀಳಲಿ ಎಂದು, ಮಳೆ ತಾಗದ ಹಾಗೆ ಒಂದು ರೆಕಾರ್ಡರನ್ನು ಪಂಜರದ ಹತ್ತಿರ ಕಟ್ಟಿ ಬಂದೆ. ಮರುದಿನ ತೆಗೆದು ಕೇಳಿದೆ. ಗಂಟೆಗಟ್ಟಲೆ ಮಳೆಹನಿ, ಒಂದು ಕಾಗೆ. ಬಳಿಕ, ನಾವು ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ, ಒದ್ದೆ ಸೊಪ್ಪಿನ ಮೇಲೆ ನಿಧಾನವಾದ ಹೆಜ್ಜೆ. ತಂತಿ ಕಿರ್ರೆಂದಿತು. ಮಣ್ಣಿನಿಂದ ಏನೋ ಕಳಚಿಕೊಂಡ ಒದ್ದೆ ಸದ್ದು. ಮತ್ತೊಂದು. ಆಮೇಲೆ ಉಸಿರು, ಮೈಕಿಗೆ ಬಹಳ ಹತ್ತಿರ.

ಯಾವ ಸದ್ದು ಕೇಳಿದರೂ ಅದನ್ನು ಬಾಯಲ್ಲಿ ಮಾಡಿ ನೋಡುವುದು ನನ್ನ ಚಾಳಿ. ಜಿಂಕೆಯ ಉಸಿರಿಗೆ ನಾನು ಮೂಗನ್ನು ಹಿಂಡಬೇಕು, ಹಸುವಿನದಕ್ಕೆ ಗಂಟಲು ಇಳಿಸಬೇಕು. ಈ ಉಸಿರಿಗೆ ಏನೂ ಮಾಡಬೇಕಾಗಲಿಲ್ಲ. ಅದು ನನ್ನ ಎದೆಗೆ ಅಳತೆ ಮಾಡಿ ಹೊಲಿದ ಅಂಗಿಯ ಹಾಗೆ ಸರಿಹೊಂದಿತು. ಹೆಡ್‌ಫೋನ್ ತೆಗೆದಿಟ್ಟು ದೀಪ ಹಾಕಿದೆ. ಹೊರಗೆ ಹಗಲಿತ್ತು.

ಎಲ್ಲರಿಗೂ ಕೇಳಿಸಿದೆ. "ಇದು ಮನುಷ್ಯ ಅನ್ಸುತ್ತೆ," ಎಂದೆ.

"ನಿಂಗೆ ಎಲ್ಲಾನೂ ಮನುಷ್ಯನೇ," ಎಂದರು ಅತ್ತೆ. ಆದರೂ ಎದ್ದು ಹೋಗಿ ಬೇಲಿಯುದ್ದಕ್ಕೂ ನಡೆದರು. ಗೇಟಿಗೆ ಬೀಗ ಇತ್ತು, ರಸ್ತೆಯಂಚಿನಲ್ಲಿ ಹೊಸ ಚಕ್ರದ ಗುರುತಿರಲಿಲ್ಲ, ಅಣಬೆ ಹುಡುಕುವವರು ಬಂದ ಲಕ್ಷಣವೂ ಇಲ್ಲ. "ಕರಡಿ," ಎಂದು ತೀರ್ಮಾನಿಸಿದರು. "ಚಳಿಗೆ ಮಲಗೋಕೆ ಮುಂಚೆ ಸಿಕ್ಕಿದ್ದೆಲ್ಲ ತಿಂತದೆ. ಅದ್ರ ಉಸ್ರು ನಿನ್ ಉಸ್ರಿನಂಗೇ ಇರ್ತದೆ, ನೀನೇನ್ ಮಹಾ."

"ಕರಡೀನೇ ಇರ್ಬೇಕು ಮಗಾ," ಎಂದ ಟೆಸ್ಟರ್. ಅವನು ಅಷ್ಟು ಬೇಗ ಒಪ್ಪಿದ್ದನ್ನು ನಾನು ಗಮನಿಸಿದೆ; ಹೆದರಿದ್ದಾನೆ ಎಂದುಕೊಂಡೆ. "ಏನ್ ಗುರು, ಕೊಟ್ಟಿಗೇಲಿ ಒಬ್ನೇ ಇರ್ತೀಯ, ಬಾಗಿಲು ಹಾಕ್ಕೋ," ಎಂದು ಕರಡಿಯ ಹಾಗೆ ಗುರುಗುಟ್ಟಿದೆ. ಅವನು ನಕ್ಕು ನೆಟಿಗೆ ಮುರಿದ.

ಹಂಗಾಮು ಮುಗಿಯುತ್ತ ಬಂದಿತ್ತು. ಗಂಡು ಜಿಂಕೆಗಳು ಹೆಣ್ಣಿನ ಬೆನ್ನು ಹತ್ತಿ ಎಚ್ಚರ ತಪ್ಪುವ ಕೊನೆಯ ವಾರ. ಅಂಗಳದಾಚೆ ಗುರಿ ಹಲಗೆ ನಿಲ್ಲಿಸಿ ಅತ್ತೆ ಭಾಯ್‌ಗೆ ಮತ್ತೆ ಅಭ್ಯಾಸ ಮಾಡಿಸಿದರು. ಭಾಯ್ ಪ್ರತಿ ಸಲವೂ ಗುಂಡು ಹಾರದಂತೆ ತಡೆಯುವ ಸೇಫ್ಟಿ ಸರಿಸಿ, ಮೆಲ್ಲಗೆ "ಬಿಸ್ಮಿಲ್ಲಾ" ಎಂದು ಮುಂದಿನ ಮಾತು ಮುಗಿಸಿ, ಒಂದು ಉಸಿರು ಹೊರಬಿಟ್ಟು, ಬಂದೂಕಿನ ಕುದುರೆ ಎಳೆಯುತ್ತಿದ್ದರು.

"ಹೆಸರು ತಗೊಳ್ದೆ ಹೊಡೆದ್ರೆ ನಮಗೆ ಅದು ತಿನ್ನೋ ಹಂಗಿಲ್ಲ ಮೇಡಂ."

"ಒಳ್ಳೇದೇ," ಎಂದರು ಅತ್ತೆ. "ಹೊಡ್ಯೋಕ್ ಮುಂಚೆ ಏನಾರಾ ಒಂದು ನೆನ್ಸ್ಕೊಳೋನು ವಾಸಿ. ನಾನೂ ಕಿವಿ ಮುಚ್ಕೋಬೌದು."

ಭಾಯ್ ಕಾಲರಿಗೆ ಸಿಕ್ಕಿಸಿದ್ದ ಮೈಕಿನಿಂದ ಆ ಪದ, ಆ ಉಸಿರು, ಆ ಢಮ್ ನನ್ನ ಕಿವಿಗೆ ಎಷ್ಟು ಸಲ ಬಿದ್ದವೆಂದರೆ ಪದ ಕೇಳಿದೊಡನೆ ನನ್ನ ಭುಜ ತಾನಾಗಿ ಮುದುಡುತ್ತಿತ್ತು.

ಕೊನೆಯ ಶನಿವಾರ ಮಂಜು ಇಳಿದಿತ್ತು. ಅಡುಗೆಮನೆಯಲ್ಲಿ ಕೂತು ನಾನೇ ಹೇಳಿದೆ: ರೆಕಾರ್ಡರ್ ಪ್ರಕಾರ ಅದು ಬರುವುದು ನಮ್ಮ ಊಟದ ಹೊತ್ತಿಗೆ. ಸಂಜೆಯ ಜಿಂಕೆಯನ್ನು ಕೆಡಿಸುತ್ತಿರುವುದು ಆ ಮಧ್ಯಾಹ್ನದ ವಾಸನೆ. ಇವತ್ತು ಊಟ ಬಿಟ್ಟು ಈಗಲೇ ಹೋಗಿ ಕೂತುಬಿಡೋಣ. ನಾವಿದ್ದರೆ ಅದು ಬರುವುದಿಲ್ಲ, ಅದು ಬರದಿದ್ದರೆ ಜಿಂಕೆ ಬರುತ್ತದೆ.

ಅತ್ತೆ ಕಿಟಕಿಯಾಚೆ ಮಂಜು ನೋಡಿ ಕೋಟು ಕೈಗೆತ್ತಿಕೊಂಡರು. "ನಡೀರಿ," ಎಂದರು.

ಹಿಂಬಾಗಿಲಿನಿಂದ ಹೊರಟು ತೊರೆಗೆ ಇಳಿದೆವು. ಕೊಟ್ಟಿಗೆ ಆ ದಾರಿಯಲ್ಲಿಲ್ಲ. ಅಲ್ಲಿ ಫೋನಿಗೆ ಸಿಗ್ನಲ್ ಸಿಗದು. ಟೆಸ್ಟರ್‌ಗೆ ಹೇಳಿ ಬರಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಹೋಗುತ್ತಿದ್ದೆವೋ ಇಲ್ಲವೋ. ಕೊಟ್ಟಿಗೆಯಲ್ಲಿ ಹೀಟರ್ ಮುಂದೆ ಕೂತವನಿಗೆ ಇದರಿಂದ ಏನು?

ಅತ್ತೆ, ಭಾಯ್ ಅಟ್ಟಣೆ ಹತ್ತಿದರು. ನಾನು ತಾಕಿನ ಸೊಂಟದ ಬಳಿ, ಪಕ್ಕಕ್ಕೆ ಕಟ್ಟಿದ್ದ ಬಟ್ಟೆಯ ಮರೆಯೊಳಗೆ ಸೇರಿಕೊಂಡೆ. ನಮ್ಮ ಮೂವರ ಮೈಮೇಲೂ ಕಿತ್ತಳೆ ಜಾಕೆಟ್. ದೂರದ ಸದ್ದನ್ನು ಹಿಡಿಯುವ ತಟ್ಟೆಯಾಕಾರದ ಮೈಕನ್ನು ದಿಬ್ಬದ ಕಡೆ ತಿರುಗಿಸಿದೆ, ಅದು ಎಡಗಿವಿಗೆ. ಭಾಯ್ ಕಾಲರಿನ ಮೈಕು ಬಲಗಿವಿಗೆ. ನಾನು ಅವರನ್ನು ಕೇಳಬಲ್ಲೆ, ಅವರು ನನ್ನನ್ನು ಕೇಳಲಾರರು. ಪೌಡರ್ ಒತ್ತಿ ನೋಡಿದೆ. ಅದು ಯಾವ ಕಡೆಗೂ ಹೋಗದೆ ನನ್ನ ಮೊಣಕಾಲಿನ ಮೇಲೇ ಬಿತ್ತು. ಗಾಳಿ ಸತ್ತಿತ್ತು.

ಹೊತ್ತು ಹೋಗಲಿಲ್ಲ. ಎಡಗಿವಿಯಲ್ಲಿ ಮಂಜು ಎಲೆಯಿಂದ ತೊಟ್ಟಿಕ್ಕುತ್ತಿತ್ತು. ನಡುನಡುವೆ ಜರೀಗಿಡದ ಕಡೆಯಿಂದ ಸಣ್ಣ ಸರಸರ. ನಾನು ಕತ್ತು ಎತ್ತಿದರೆ ನಿಲ್ಲುವುದು. ನನ್ನ ಕತ್ತು ಅದಕ್ಕೆ ಹೇಗೆ ಕಾಣುತ್ತದೆ ಎಂದು ಬೆವರಿದೆ. ಬಲಗಿವಿಯಲ್ಲಿ ಭಾಯ್ ಹೊಟ್ಟೆ ಗುರುಗುಟ್ಟಿದಾಗ ಅದೇ ದೊಡ್ಡ ಸಮಾಧಾನ.

ಬೆಳಕು ಬೂದಿಯಾಗತೊಡಗಿದಾಗ ಹೆಣ್ಣು ಜಿಂಕೆ ಬಂತು. ಸೊಪ್ಪಿಗೆ ಬಾಯಿ ಹಾಕಿತು, ಕತ್ತೆತ್ತಿತು. ದಿಬ್ಬದ ಬುಡವನ್ನೇ ನೋಡಿತು. ಮುಂಗಾಲೆತ್ತಿ ನೆಲಕ್ಕೆ ಕುಟ್ಟಿತು, ಮತ್ತೆ ಕುಟ್ಟಿತು.

ಬಲಗಿವಿಯಲ್ಲಿ ಅತ್ತೆಯ ಪಿಸುಮಾತು. "ಪೊದೇಲಿ ಏನೋ ಐತೆ. ಕರಡಿ, ಇಲ್ಲಾ ಪೂಮಾ. ಹೆಣ್ಣು ಓಡಿದ್ರೆ ಗಂಡೂ ಓಡ್ತದೆ. ಬಂದ ತಕ್ಷಣ ಹೊಡಿ."

ಗಂಡು ಬಂತು. ಫೋಟೋದಲ್ಲಿ ಕಂಡದ್ದೇ. ಹೆಣ್ಣಿನ ಹಿಂದೆ ಮೂಗು ಚಾಚಿಕೊಂಡು, ಬೇರೇನನ್ನೂ ನೋಡದೆ ನಡೆದು, ಎರಡು ಕಿತ್ತಳೆ ಪಟ್ಟಿಗಳ ನಟ್ಟನಡುವೆ ಅಡ್ಡಲಾಗಿ ನಿಂತಿತು. ಹಿಂದೆ ಮಣ್ಣು. ಪಾಠದಲ್ಲಿ ಹೇಳಿದ್ದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಬಲಗಿವಿ: ಬಟ್ಟೆ ಮರದ ಕಟ್ಟೆಗೆ ಉಜ್ಜಿತು. ಸೇಫ್ಟಿ ಸರಿಯಿತು.

ಎಡಗಿವಿ: ಟಕ್.

ಕಡ್ಡಿ ಮುರಿಯಿತು ಎಂದುಕೊಂಡೆ. ಜಿಂಕೆಯ ಕಿವಿ ಆ ಕಡೆ ತಿರುಗಿತು.

ಟಕ್. ಟಕ್.

ಕಡ್ಡಿ ಹೀಗೆ ಮುರಿಯುವುದಿಲ್ಲ. ಕಡ್ಡಿಗೆ ಲಯವಿಲ್ಲ. ನನ್ನ ನಾಲಿಗೆ ಬಾಯೊಳಗೆ ತಾನಾಗಿ ಅಂಗುಳಕ್ಕೆ ಅಂಟಿ ಮುಂದಿನದಕ್ಕೆ ಸಿದ್ಧವಾಗಿತ್ತು. ತಲೆಗಿಂತ ಮೊದಲು ನಾಲಿಗೆಗೆ ಗೊತ್ತಾಯಿತು.

ಟಕ್.

"ಬಿಸ್ಮಿಲ್ಲಾ..." ಎಂದಿತು ಬಲಗಿವಿ.

ನಾನು ಮರೆಯನ್ನು ಹರಿದುಕೊಂಡು ಎದ್ದೆ. ಭಾಯ್ ಕೈ ತಡೆಯಬಲ್ಲ ದನಿಗಳು ನನ್ನ ಬಳಿ ಬೇಕಾದಷ್ಟಿದ್ದವು: ಅತ್ತೆಯದು, ಅವರ ಹೆಂಡತಿಯದು, ಮರ್ಸರ್ ಐಲ್ಯಾಂಡಿನಲ್ಲಿರುವ ನಮ್ಮ ಕಂಪನಿಯ ದೊಡ್ಡ ಸಾಹೇಬರದು. ಬಂದದ್ದು ಅವು ಯಾವುದೂ ಅಲ್ಲ.

"ಭಾಯ್! ನಮ್ಮೋನು! ನಮ್ಮೋನಿದಾನೆ ಅಲ್ಲಿ!"

ಜಿಂಕೆಗಳು ಇದ್ದವು, ಇಲ್ಲವಾದವು. ಗುಂಡು ಹಾರಲಿಲ್ಲ. ಬಲಗಿವಿಯಲ್ಲಿ ಭಾಯ್ ಹಿಡಿದಿದ್ದ ಉಸಿರು ಹೊರಬೀಳದೆ ಅಲ್ಲೇ ಇತ್ತು. ಆಮೇಲೆ ಸೇಫ್ಟಿ ಹಿಂದಕ್ಕೆ ಸರಿದ ಸದ್ದು, ಅತ್ತೆಯ ದನಿ: "ಬಂದೂಕ ಖಾಲಿ ಮಾಡು. ತೋರ್ಸು. ಇನ್ನೊಂದ್ಸಲ ತೋರ್ಸು."

ದಿಬ್ಬದ ಬುಡದಲ್ಲಿ, ಜಿಂಕೆ ನಿಂ‌ತಿದ್ದ ನೇರಕ್ಕೇ, ಜರೀಗಿಡದಿಂದ ಎರಡು ಕೈ ಮೇಲೆದ್ದವು. ಒಂದರಲ್ಲಿ ಬಟ್ಟೆಯ ಚೀಲ. ಚೀಲದ ಬಾಯಿಂದ ಸೊಪ್ಪು ಹೊರಗೆ ಜೋತಿತ್ತು. ಟೆಸ್ಟರ್ ಕಂದು ಜಾಕೆಟ್ಟಿನಲ್ಲಿದ್ದ. ಕಿತ್ತಳೆಯದು ದೂರಕ್ಕೆ ಕಾಣುತ್ತದೆಂದು ಕೊಟ್ಟಿಗೆಯಲ್ಲೇ ಬಿಟ್ಟು ಬಂದಿದ್ದ.

ಅವನ ಹಲ್ಲು ಕಟಕಟ ಅನ್ನುತ್ತಿತ್ತು. "ನೀವು ಊಟಕ್ಕೆ ಹೋಗಿದೀರಾ ಅನ್ಕೊಂಡೆ ಮಗಾ. ಬರೋ ಸದ್ದಾಯ್ತು, ಬಗ್ಗಿದೆ. ಪಂಜರ ನೋಡ್ಕೊಂಡು ಹೋಗ್ತೀರಾ ಅನ್ಕೊಂಡೆ. ನೀವು ಕೂತೇಬಿಟ್ರಿ. ಹೆಂಗ್ ಎದ್ದು ಬರ್ಲಿ? ಏನಂತ ಹೇಳ್ಲಿ? ಕತ್ತಲಾಗ್ಲಿ, ಹೋಗೋಣ ಅಂತ..."

"ಪಂಜರದ್ದೇ ಯಾಕೋ ಬೇಕಿತ್ತು ನಿಂಗೆ?" ಎಂದೆ.

"ಬೇರೇದ್ರಲ್ಲಿ ಸೊಪ್ಪೆಲ್ಲ ಜಿಂಕೆ ತಿಂದಿತ್ತಲ್ಲೋ," ಎಂದ. ಅವನು ಹೇಳಿದ್ದು ಸರಿಯಾಗೇ ಇತ್ತು.

ಭಾಯ್ ಅಟ್ಟಣೆಯ ಏಣಿ ಇಳಿದು ಕೊನೆಯ ಮೆಟ್ಟಿಲಿನಲ್ಲೇ ಕೂತುಬಿಟ್ಟರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು, ಒರೆಸುತ್ತಿರಲಿಲ್ಲ.

ಯಾರಿಗೂ ಕಾಲಿಡಲು ಬಿಡದ ತಾಕಿನ ನಟ್ಟನಡುವೆ ಅತ್ತೆ ನಡೆದು ಬಂದರು, ಸೊಪ್ಪು ತುಳಿದುಕೊಂಡೇ. ಬೈಯಲಿಲ್ಲ. ಟೆಸ್ಟರ್‌ನ ಜಾಕೆಟ್ ಬಿಚ್ಚಿಸಿ, ಅವನು ಕೂತಿದ್ದ ಜಾಗದಲ್ಲಿ ಜರೀಗಿಡಕ್ಕೆ ತೊಡಿಸಿದ ಹಾಗೆ ಹಾಕಿದರು. ತಮ್ಮ ಕಿತ್ತಳೆ ಕೋಟನ್ನು ಅವನಿಗೆ ಹೊದಿಸಿ ಅಟ್ಟಣೆ ಹತ್ತಿಸಿದರು. ದುರ್ಬೀನು ಕೈಗಿಟ್ಟರು.

"ನೋಡು. ಎಲ್ಲಿದೀಯಾ ಹೇಳು."

ಅವನು ಬಹಳ ಹೊತ್ತು ಹುಡುಕಿದ. ನಾನೂ ಅವನ ಹಿಂದೆ ನಿಂತು ಹುಡುಕಿದೆ. ಜಾಗ ಗೊತ್ತಿದ್ದೂ ನನಗೆ ಕಂಡದ್ದು ಮಣ್ಣು, ಮುಳ್ಳು, ಒಣಗಿದ ಜರೀಗಿಡ.

"ಕಾಣಿಸ್ತಿಲ್ಲ," ಎಂದ.

"ಹೂಂ," ಎಂದರು ಅತ್ತೆ. "ನಂಗೂ ಕಾಣ್ಲಿಲ್ಲ. ನಾನೇ ಹೊಡಿ ಅಂದಿದ್ದೆ." ಅವರ ದನಿ ನಮ್ಮ ಸೋದರತ್ತೆಯ ಹಾಗಿರಲಿಲ್ಲ. ಯಾರ ಹಾಗೂ ಇರಲಿಲ್ಲ.

ಹಂಗಾಮಿಗೆ ಇನ್ನೊಂದು ದಿನ ಉಳಿದಿತ್ತು. ಯಾರೂ ಆ ಮಾತೆತ್ತಲಿಲ್ಲ. ಹೊರಡುವಾಗ ಟೆಸ್ಟರ್ ಚೀಲವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ನಿಂತ. ಅತ್ತೆ ಅದನ್ನು ಅವನ ಎದೆಗೆ ಒತ್ತಿದರು. "ತಗೊಂಡೋಗು. ಪ್ರಾಣ ಒತ್ತೆ ಇಟ್ಟು ಕಿತ್ತಿದೀಯ."

ಆ್ಯಪ್ ಬೇಟೆಯಿಲ್ಲದೆಯೇ ಹೊರಬಂತು. ಸುಣ್ಣ, ಬೀಜ, ಗಾಳಿ, ದಾರಿ, ಪಂಜರ, ಎಲ್ಲ ಪಾಠಗಳೂ ಇವೆ. ಕೊನೆಗೊಂದು ಪಾಠ ಸೇರಿಸಿದೆವು: ತಾಕಿಗೆ ಇಳಿಯುವ ಮುಂಚೆ, ಮನೆಯಲ್ಲಿ, ಕೊಟ್ಟಿಗೆಯಲ್ಲಿ, ಕಾರಿನಲ್ಲಿ ಉಳಿದಿರುವ ಪ್ರತಿಯೊಬ್ಬರನ್ನೂ ಕಣ್ಣಾರೆ ನೋಡಿ, ಎಲ್ಲಿಗೆ ಹೋಗುತ್ತೀರೆಂದು ಹೇಳಿ ಹೊರಡಿ. ಬೇಟೆಗಾರರಲ್ಲದವರನ್ನು ಮೊದಲು ನೋಡಿ. ಆ ಸಂಜೆಯ ರೆಕಾರ್ಡಿಂಗ್ ನನ್ನ ಬಳಿ ಇದೆ. ಒಮ್ಮೆ ಕೇಳಿದೆ. ನನ್ನ ಸ್ವಂತ ದನಿ ಕತ್ತೆಮರಿಯದರ ಹಾಗಿದೆ. ಅದಕ್ಕೂ ಮುಂಚೆ ಎಡಗಿವಿಯಲ್ಲಿ ನಾಲ್ಕು ಟಕ್ ಇವೆ, ಐದನೆಯದಿಲ್ಲ.

ಆ ಶನಿವಾರದ ಮರುದಿನ ಮಧ್ಯಾಹ್ನ ಶೋರ್‌ಲೈನ್‌ನ ಅವನ ಮನೆಗೆ ನಾನೂ ಭಾಯೂ ಊಟಕ್ಕೆ ಹೋದೆವು. ಹೋಗಬೇಕೋ ಬೇಡವೋ ಎಂದು ಭಾಯ್ ಕಾರಿನಲ್ಲೇ ಸ್ವಲ್ಪ ಹೊತ್ತು ಕೂತಿದ್ದರು. ಅವನ ಹೆಂಡತಿ ಮೂಲಂಗಿ ಹುಳಿ ಮಾಡಿದ್ದರು, ಸೊಪ್ಪಿನ ಪಲ್ಯವನ್ನೂ. ಅವರಿಗೆ ಏನೂ ಗೊತ್ತಿರಲಿಲ್ಲ. "ಎಷ್ಟು ಎಳೇದಿದೆ ನೋಡಿ, ಯಾವ ಅಂಗಡೀಲಿ ಸಿಕ್ತು ಅಂತ ಇವ್ರು ಹೇಳೋದೇ ಇಲ್ಲ," ಎಂದು ಬಡಿಸಿದರು. ನಾವು ತಟ್ಟೆ ನೋಡಿಕೊಂಡು ತಿಂದೆವು. ಯಾರ ದನಿಯನ್ನೂ ನಾನು ಮಾಡಲಿಲ್ಲ.

ಊಟ ಮುಗಿದು ಕೈ ತೊಳೆದು ಬಂದು ಟೆಸ್ಟರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಯೋಚಿಸದೆ, ಅಭ್ಯಾಸಬಲದಿಂದ, ಎಡಗೈ ಬೆರಳುಗಳನ್ನು ಬಲಗೈಗೆ ತೆಗೆದುಕೊಂಡ.

ಟಕ್ ಟಕ್ ಟಕ್ ಟಕ್.

ಭಾಯ್ ಮಜ್ಜಿಗೆ ಲೋಟವನ್ನು ತುಟಿಯ ಹತ್ತಿರ ತಂದವರು ಅಲ್ಲೇ ಹಿಡಿದರು. ಟೆಸ್ಟರ್ ನಮ್ಮಿಬ್ಬರ ಮುಖ ನೋಡಿದ, ತನ್ನ ಕೈ ನೋಡಿಕೊಂಡ. ಬಿಡಬೇಕೋ, ಮುಗಿಸಬೇಕೋ ಅವನಿಗೆ ತಿಳಿಯಲಿಲ್ಲ. ಒಳಗೆ ಅವನ ಹೆಂಡತಿ ನಲ್ಲಿ ಬಿಟ್ಟು ಪಾತ್ರೆ ತೊಳೆಯುತ್ತಿದ್ದರು.

"ಮುಗಿಸೋ ಮಾರಾಯ," ಎಂದರು ಭಾಯ್.

ಅವನು ಹೆಬ್ಬೆರಳನ್ನು ಮಡಿಸಿ ಒತ್ತಿದ. ಅದು ಮಂದವಾಗಿ, ಎಂದಿನ ಹಾಗೇ, ಟಕ್ ಎಂದಿತು. ಭಾಯ್ ಉಸಿರು ಬಿಟ್ಟು ಮಜ್ಜಿಗೆ ಕುಡಿದರು.